ನಿನೆವೆಗೆ ತೋರಿದ ದಯೆಯ ಬೆಲೆಯನ್ನು ಸಮಾರ್ಯ ತೆರಬೇಕಾಯಿತೇ?

ಪ್ರಶ್ನೆ: ಹಾಸನದ ಶಿಕ್ಷಕಿ

ಎಲ್ಲರಿಗೂ ವಂದನೆಗಳು. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಪಾಠ ಮಾಡುವವಳು, ಹುಟ್ಟಿನಿಂದ ಕಥೋಲಿಕಳು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ವಾರದ ಬುಧವಾರದ ಬಲಿಪೂಜೆಯಲ್ಲಿ ಪ್ರತಿವರ್ಷ ಯೋನನ ಗ್ರಂಥದ ಮೂರನೆಯ ಅಧ್ಯಾಯವನ್ನು ಓದಲಾಗುತ್ತದೆ. ಇನ್ನು 40 ದಿನಗಳಲ್ಲಿ ನಿನೆವೆ ಕೆಡವಲ್ಪಡುವುದು ಎಂದು ಪ್ರವಾದಿ ಯೋನನು ಅಸ್ಸೀರಿಯದ ಆ ಮಹಾನಗರದಲ್ಲಿ ಸಾರುತ್ತಾನೆ. ಅರಸನು ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕುಳಿತುಕೊಳ್ಳುತ್ತಾನೆ. ಜನರೂ ದನಕರುಗಳೂ ಗೋಣಿತಟ್ಟು ಹೊದ್ದು ಉಪವಾಸವಿರುತ್ತಾರೆ. ದೇವರು ಹೇಳಿದ್ದ ಕೇಡನ್ನು ಬರಮಾಡದೆ ಬಿಡುತ್ತಾನೆ. ಚಿಕ್ಕಂದಿನಿಂದ ಕೇಳುತ್ತ ಬಂದ ಈ ವಾಚನವು ಈ ವರ್ಷ ನನ್ನ ಮನಸ್ಸನ್ನು ಕಲಕಿತು.

ಕಾರಣ ನನ್ನ ಪಾಠದ ವಿಷಯವೇ. ಎರಡನೆಯ ಅರಸುಗಳು ಗ್ರಂಥದ 14:25ರಲ್ಲಿ ಅಮಿತ್ತೈಯನ ಮಗನಾದ ಯೋನನ ಹೆಸರು ಬರುತ್ತದೆ. ಆ ಪ್ರವಾದಿಯು ಇಸ್ರಯೇಲಿನ ಎರಡನೆಯ ಯಾರೊಬ್ಬಾಮನ ಕಾಲದವನು, ಅಂದರೆ ಕ್ರಿ.ಪೂ. 8ನೆಯ ಶತಮಾನದವನು. ಅದೇ ಶತಮಾನ ಮುಗಿಯುವುದರೊಳಗೆ, ಕ್ರಿ.ಪೂ. 722ರಲ್ಲಿ, ಅಸ್ಸೀರಿಯದವರು ಇಸ್ರಯೇಲಿನ ರಾಜಧಾನಿ ಸಮಾರ್ಯವನ್ನು ಹಿಡಿದು ಆ ಉತ್ತರದ ರಾಜ್ಯವನ್ನೇ ಇಲ್ಲವಾಗಿಸಿದರು. 701ರಲ್ಲಿ ಅಸ್ಸೀರಿಯದ ಅರಸ ಸನ್ಹೇರೀಬನು ದಕ್ಷಿಣದ ಯೆಹೂದ ರಾಜ್ಯದ ಲಾಕೀಷ್ ಪಟ್ಟಣವನ್ನು ಮುತ್ತಿ ಗೆದ್ದನು ಮತ್ತು ಆ ಗೆಲುವನ್ನು ನಿನೆವೆಯ ತನ್ನ ಅರಮನೆಯ ಗೋಡೆಗಳಿಗೆ ಕಲ್ಲಿನಲ್ಲಿ ಕೆತ್ತಿಸಿದನು. ಆ ಚಪ್ಪಡಿಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವುಗಳ ಚಿತ್ರಗಳನ್ನು ನಾನು ಮಕ್ಕಳಿಗೆ ತೋರಿಸುವುದಿಲ್ಲ: ಶೂಲಕ್ಕೇರಿಸಿದ ಸೆರೆಯಾಳುಗಳು, ಎತ್ತಿನ ಬಂಡಿಗಳಲ್ಲಿ ಗಂಟುಮೂಟೆಗಳೊಡನೆ ಊರು ಬಿಟ್ಟು ಹೋಗುತ್ತಿರುವ ಹೆಂಗಸರು, ಮಕ್ಕಳು.

ಯೋನನ ಗ್ರಂಥವು ನಡೆದ ಸಂಗತಿಯ ವರದಿಯೋ ಅಥವಾ ಬಾಬೆಲಿನ ಸೆರೆವಾಸದ ನಂತರ ಬರೆದ ಬೋಧಕಥೆಯೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ ಎಂಬುದು ನನಗೆ ಗೊತ್ತಿದೆ. ಅದನ್ನು ಇಲ್ಲಿ ಎತ್ತುವ ಉದ್ದೇಶವಿಲ್ಲ. ಕಥೆಯೆಂದೇ ತೆಗೆದುಕೊಂಡರೂ, ಅದನ್ನು ಮೊದಲು ಕೇಳಿದವರಿಗೆ ನಿನೆವೆಯವರು ಮುಂದೆ ಏನು ಮಾಡಿದರೆಂಬುದು ಚೆನ್ನಾಗಿ ತಿಳಿದಿತ್ತು. ಹಾಗಿರುವಾಗ ನನ್ನ ಪ್ರಶ್ನೆ ಇದು. ನ್ಯಾಯತೀರ್ಪಿಗೆ ಮೊದಲು ದೇವರು ತಾಳ್ಮೆಯಿಂದ ಕಾಯುತ್ತಾನೆ ಎನ್ನುತ್ತೇವೆ. ಆ ಕಾಯುವಿಕೆಯ ಅವಧಿಯಲ್ಲಿ ಏಟು ತಿನ್ನುವವರು ಯಾರು? ಅಪರಾಧಿಗೆ ಕೊಟ್ಟ ಗಡುವು ಅವನ ಕೈಗೆ ಸಿಕ್ಕವನಿಗೆ ಮಾಡಿದ ಅನ್ಯಾಯವಾಗುವುದಿಲ್ಲವೇ?

ಇದು ಬರೀ ಪುಸ್ತಕದ ಪ್ರಶ್ನೆಯಲ್ಲವೆಂದೂ ಹೇಳಿಬಿಡುತ್ತೇನೆ. ನನ್ನ ತಂದೆಯವರ ಪಾಲಿನ ಜಮೀನನ್ನು ನಮ್ಮ ಬಂಧುವೊಬ್ಬರು ಸುಳ್ಳು ಕಾಗದಪತ್ರಗಳಿಂದ ಬರೆಸಿಕೊಂಡರು. ತಂದೆಯವರು ಅದೇ ಕೊರಗಿನಲ್ಲಿ ತೀರಿಕೊಂಡರು. ಆ ಬಂಧುವಾದರೋ ತುಂಬು ಆಯುಷ್ಯ ಕಂಡು, ಕೊನೆಗೆ ಪಾಪನಿವೇದನೆ ಮಾಡಿ, ವ್ಯಾಧಿಸ್ಥರ ಅಭ್ಯಂಗವೆಂಬ ಸಂಸ್ಕಾರ ಪಡೆದು, ಸಮಾಧಾನದಿಂದ ಕಣ್ಣು ಮುಚ್ಚಿದರು. ಜಮೀನು ಮಾತ್ರ ಹಿಂದಿರುಗಲಿಲ್ಲ. ‘ಪಾಪದ ಕೊಡ ತುಂಬಲಿ ಬಿಡು’ ಎಂದು ನನ್ನ ತಾಯಿಯವರು ಹೇಳುತ್ತಿದ್ದರು. ಕೊಡ ತುಂಬುವ ಮೊದಲೇ ಖಾಲಿ ಮಾಡಿಸಿಕೊಂಡು ಹೋದರಲ್ಲ ಎಂಬ ಭಾವನೆ ಇಂದಿಗೂ ನನ್ನಲ್ಲಿದೆ. ಬಲ್ಲವರು ವಿವರಿಸಬೇಕಾಗಿ ವಿನಂತಿ.

ಉತ್ತರ: ಧಾರವಾಡದ ನಿವೃತ್ತ ಸಭಾಪಾಲಕ

ಸಹೋದರಿಯವರೇ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಯೋನನ ಗ್ರಂಥವನ್ನು ನೀವು ಯೋನನ ಕಣ್ಣಿನಿಂದಲೇ ಓದಿದ್ದೀರಿ, ಮತ್ತು ಅದು ತಪ್ಪಲ್ಲ. ನಮ್ಮ ಸಂಡೇ ಸ್ಕೂಲ್‌ಗಳಲ್ಲಿ ಯೋನನನ್ನು ನುಂಗಿದ ದೊಡ್ಡ ಮೀನಿನ ಹೊಟ್ಟೆಯಲ್ಲಿಯೇ ಮಕ್ಕಳನ್ನು ಕೂರಿಸಿ ಪಾಠ ಮುಗಿಸಿಬಿಡುತ್ತೇವೆ. ನಾಲ್ಕನೆಯ ಅಧ್ಯಾಯಕ್ಕೆ ಹೋಗುವುದೇ ಇಲ್ಲ. ನಿನೆವೆಗೆ ಹೋಗೆಂದು ದೇವರು ಹೇಳಿದಾಗ ಯೋನನು ಮೊದಲು ಓಡಿಹೋದದ್ದು ಭಯದಿಂದಲ್ಲ ಎಂಬುದು ತಿಳಿಯುವುದು ಅಲ್ಲಿಯೇ. ನೀನು ಕನಿಕರವೂ ದಯೆಯೂ ಉಳ್ಳವನು, ದೀರ್ಘಶಾಂತನು ಎಂದು ನನಗೆ ಆಗಲೇ ಗೊತ್ತಿತ್ತು, ಅದಕ್ಕಾಗಿಯೇ ಹಡಗು ಹತ್ತಿ ತಾರ್ಷೀಷಿಗೆ ಹೊರಟೆ ಎಂಬ ಅರ್ಥದಲ್ಲಿ ಆತನು ದೇವರೊಂದಿಗೆ ಜಗಳವಾಡುತ್ತಾನೆ. ದೇವರ ಗುಣವನ್ನೇ ದೇವರ ಮೇಲೆ ದೂರಾಗಿ ಹೊರಿಸಿದ ಪ್ರವಾದಿ ಈತ.

‘ದೀರ್ಘಶಾಂತ’ ಎಂಬ ಆ ಮಾತಿನ ಹಿಂದಿರುವ ಇಬ್ರಿಯ ನುಡಿಗಟ್ಟು ‘ಎರೆಕ್ ಅಪ್ಪಾಯಿಮ್’. ಅದನ್ನು ಅಕ್ಷರಶಃ ಬಿಡಿಸಿದರೆ ‘ಉದ್ದ ಮೂಗಿನವನು’ ಎಂದಾಗುತ್ತದೆ. ಇದು ಕನ್ನಡಿಗರಿಗೆ ವಿಚಿತ್ರವೆನಿಸಬಾರದು. ಮುಂಗೋಪಿಯನ್ನು ನಾವು ‘ಮೂಗಿನ ತುದಿಯಲ್ಲೇ ಕೋಪ’ ಇರುವವನು ಎನ್ನುತ್ತೇವಲ್ಲವೇ? ಇಬ್ರಿಯರಿಗೂ ಕೋಪದ ಸ್ಥಾನ ಮೂಗೇ. ಮೂಗು ಉದ್ದವಾದಷ್ಟೂ ಸಿಟ್ಟಿನ ಬಿಸಿಯುಸಿರು ಹೊರಬೀಳಲು ಹೊತ್ತು ಹಿಡಿಯುತ್ತದೆ. ಗಮನಿಸಬೇಕಾದ ಅಂಶವೆಂದರೆ, ಈ ಮಾತು ಕೋಪವೇ ಇಲ್ಲವೆಂದು ಹೇಳುವುದಿಲ್ಲ. ಕೋಪವಿದೆ, ಆದರೆ ಅದು ತಡವಾಗಿ ಬರುತ್ತದೆ ಎನ್ನುತ್ತದೆ. ತಪ್ಪನ್ನು ಕಂಡೂ ಕಾಣದಂತೆ ಇರುವುದು ಬೇರೆ, ಕಂಡು ನೊಂದು ಕೈ ಎತ್ತದೆ ತಡೆದುಕೊಳ್ಳುವುದು ಬೇರೆ.

ಈ ಮಾತು ಮೊದಲು ಬರುವುದು ವಿಮೋಚನಕಾಂಡ 34ರಲ್ಲಿ. ಇಸ್ರಯೇಲರು ಸೀನಾಯಿ ಬೆಟ್ಟದ ಬುಡದಲ್ಲಿ ಚಿನ್ನದ ಕರುವನ್ನು ಮಾಡಿಕೊಂಡು ಅದರ ಮುಂದೆ ಕುಣಿದಿದ್ದರು. ಅವರನ್ನು ಅಳಿಸಿಬಿಡುವೆನೆಂದ ದೇವರನ್ನು ಮೋಶೆ ಬೇಡಿಕೊಂಡು ತಡೆದ ಮೇಲೆ, ಆತನು ತನ್ನ ಹೆಸರನ್ನು ಹೀಗೆ ಪ್ರಕಟಿಸಿದನು. ಎಂದರೆ ಯೋನನ ಜನಾಂಗ ಉಳಿದುಬಂದದ್ದೇ ಈ ಉದ್ದ ಮೂಗಿನ ದೆಸೆಯಿಂದ. ನೀವು ಎತ್ತಿಕೊಟ್ಟ ಎರಡನೆಯ ಅರಸುಗಳು 14ನ್ನೇ ಇನ್ನೆರಡು ವಚನ ಮುಂದೆ ಓದಿರಿ. ಯಾರೊಬ್ಬಾಮನು ದೇವರ ದೃಷ್ಟಿಯಲ್ಲಿ ಕೆಟ್ಟದ್ದನ್ನೇ ಮಾಡಿದ ಅರಸ. ಆದರೂ ಇಸ್ರಯೇಲಿನ ಕಷ್ಟ ಬಹಳ ಕಠಿಣವಾದದ್ದನ್ನು ದೇವರು ನೋಡಿ, ಆ ಅರಸನ ಕೈಯಿಂದಲೇ ಅವರ ಗಡಿಗಳನ್ನು ಹಿಂದಕ್ಕೆ ಕೊಡಿಸಿದನು. ಆ ದಯೆಯ ಸುದ್ದಿಯನ್ನು ಮುಂತಿಳಿಸಿದವನು ಯಾರು? ಇದೇ ಯೋನ. ತನ್ನ ಊರಿನ ಕೆಟ್ಟ ಅರಸನಿಗೆ ದಯೆ ಸಿಕ್ಕಾಗ ಆತನು ಹಡಗು ಹತ್ತಲಿಲ್ಲ.

ಸಮಾರ್ಯದ ವಿಷಯಕ್ಕೂ ಇದೇ ಅನ್ವಯಿಸುತ್ತದೆ. ಉತ್ತರದ ರಾಜ್ಯದ ಮೊದಲ ಅರಸನಾದ ಮೊದಲನೆಯ ಯಾರೊಬ್ಬಾಮನಿಂದ ಕ್ರಿ.ಪೂ. 722ರವರೆಗೆ ಸುಮಾರು ಇನ್ನೂರು ವರ್ಷ ಆ ರಾಜ್ಯಕ್ಕೂ ಗಡುವು ಸಿಕ್ಕಿತ್ತು. ಎಲೀಯ, ಎಲೀಷ, ಆಮೋಸ, ಹೋಶೇಯ ಎಂಬ ಪ್ರವಾದಿಗಳೆಲ್ಲರೂ ಅಲ್ಲಿಯೇ ಕೂಗಿದವರು. ಬಡವನನ್ನು ಒಂದು ಜೊತೆ ಕೆರಕ್ಕೆ ಮಾರುತ್ತೀರಿ ಎಂದು ಆಮೋಸನು ಬೈದದ್ದು ಸಮಾರ್ಯದವರನ್ನೇ ಹೊರತು ನಿನೆವೆಯವರನ್ನಲ್ಲ. ಇಸ್ರಯೇಲಿನೊಳಗೂ ಜಮೀನು ಕಳೆದುಕೊಂಡ ನಿಮ್ಮ ತಂದೆಯವರಂಥವರು ಇದ್ದರು, ಅವರೂ ಕಾಯುತ್ತಿದ್ದರು.

ಇನ್ನು ನಿನೆವೆ. ಆ ಪಟ್ಟಣದ ಬಗ್ಗೆ ಸತ್ಯವೇದದಲ್ಲಿ ಎರಡು ಪುಸ್ತಕಗಳಿವೆ ಎಂಬುದನ್ನು ಮರೆಯಬಾರದು. ಯೋನನ ನಂತರ, ಮೀಕನನ್ನು ದಾಟಿದರೆ ಸಿಗುವವನು ನಹೂಮ. ಆತನೂ ಅದೇ ವಿಮೋಚನಕಾಂಡದ ಮಾತಿನಿಂದಲೇ ಆರಂಭಿಸುತ್ತಾನೆ: ಯೆಹೋವನು ದೀರ್ಘಶಾಂತನು, ಆದರೆ ಮಹಾಶಕ್ತನು, ಅಪರಾಧಿಯನ್ನು ನಿರಪರಾಧಿಯೆಂದು ಬಿಟ್ಟುಬಿಡುವವನಲ್ಲ. ಮೂಲದ ಮಾತಿನಲ್ಲಿ ಎರಡು ಭಾಗಗಳಿದ್ದವು. ಯೋನನು ಮೊದಲನೆಯದನ್ನು ಎತ್ತಿ ಗೊಣಗಿದನು, ನಹೂಮನು ಎರಡನೆಯದನ್ನು ಎತ್ತಿ ಸಾರಿದನು. ಕ್ರಿ.ಪೂ. 612ರಲ್ಲಿ ಬಾಬೆಲಿನವರೂ ಮೇದ್ಯರೂ ಸೇರಿ ನಿನೆವೆಯನ್ನು ಸುಟ್ಟರು. ಎರಡು ಶತಮಾನ ಕಳೆದು, 401ರಲ್ಲಿ, ಗ್ರೀಕ್ ಸೇನೆಯೊಂದಿಗೆ ಆ ದಾರಿಯಲ್ಲಿ ನಡೆದ ಲೇಖಕ ಕ್ಸೆನೊಫೋನನಿಗೆ ಆ ಹಾಳು ಕೋಟೆಯ ನಿಜವಾದ ಹೆಸರೂ ಗೊತ್ತಾಗಲಿಲ್ಲ. ಈ ಎರಡೂ ಪುಸ್ತಕಗಳು ಪ್ರಶ್ನೆಯಲ್ಲಿಯೇ ಮುಗಿಯುತ್ತವೆ. ಲಕ್ಷಾಂತರ ಜನರಿರುವ ಪಟ್ಟಣಕ್ಕಾಗಿ ನಾನು ಕನಿಕರಪಡಬಾರದೇ ಎಂದು ಯೋನನಲ್ಲಿ ದೇವರು ಕೇಳುತ್ತಾನೆ. ನಿನ್ನ ಎಡೆಬಿಡದ ಕೇಡು ಯಾರಿಗೆ ತಟ್ಟಲಿಲ್ಲ ಎಂದು ನಹೂಮನು ನಿನೆವೆಯನ್ನು ಕೇಳುತ್ತಾನೆ. ಒಂದನ್ನು ಮಾತ್ರ ಓದಿದವರಿಗೆ ದೇವರ ತಾಳ್ಮೆ ಅರ್ಧವೇ ತಿಳಿದಂತೆ.

ಉತ್ತರ: ಕುತೂಹಲಿ ಓದುಗ

ನಾನು ಕ್ರೈಸ್ತನಲ್ಲ, ಆದರೂ ಒಂದು ಸಂದೇಹ ಕೇಳಬಹುದೆಂದು ಭಾವಿಸುತ್ತೇನೆ. ಶಿಶುಪಾಲನ ನೂರು ತಪ್ಪುಗಳನ್ನು ಕ್ಷಮಿಸುವೆನೆಂದು ಕೃಷ್ಣನು ತನ್ನ ಸೋದರತ್ತೆಗೆ ಮಾತು ಕೊಟ್ಟಿದ್ದನು; ರಾಜಸೂಯದ ಸಭೆಯಲ್ಲಿ ಲೆಕ್ಕ ಮೀರಿದ ಕೂಡಲೇ ಚಕ್ರ ಹೊರಟಿತು. ನಿಮ್ಮ ‘ದೀರ್ಘಶಾಂತಿ’ಯೂ ಇಂಥ ಲೆಕ್ಕವೇ? ನಿನೆವೆಗೆ 40 ದಿನ, ಸಮಾರ್ಯಕ್ಕೆ ಇನ್ನೂರು ವರ್ಷ ಎಂದು ಓದಿದಾಗ ನನಗೆ ಹಾಗನ್ನಿಸಿತು.

ಉತ್ತರ: ಧಾರವಾಡದ ನಿವೃತ್ತ ಸಭಾಪಾಲಕ

ಒಳ್ಳೆಯ ಹೋಲಿಕೆ, ಸ್ವಾಮಿ. ಹೋಲಿಕೆ ಇರುವಷ್ಟೇ ವ್ಯತ್ಯಾಸವೂ ಇದೆ. ಶಿಶುಪಾಲನು ತಿದ್ದಿಕೊಳ್ಳಲೆಂದು ಆ ಎಣಿಕೆ ಇರಲಿಲ್ಲ. ಅದು ಅತ್ತೆಗೆ ಕೊಟ್ಟ ವಚನ. ನಿನೆವೆಗೆ ಕೊಟ್ಟ 40 ದಿನಗಳಾದರೋ ಬೀದಿಬೀದಿಯಲ್ಲಿ ಸಾರಿ ಹೇಳಿದ ದಿನಗಳು. ಯೆರೆಮೀಯನು ಕುಂಬಾರನ ಮನೆಯಲ್ಲಿ ಕೇಳಿದ ಮಾತಿನ ಪ್ರಕಾರ, ಕಿತ್ತುಹಾಕುವೆನೆಂದು ದೇವರು ಹೇಳಿದ ಜನಾಂಗವು ತನ್ನ ಕೆಟ್ಟತನದಿಂದ ತಿರುಗಿಕೊಂಡರೆ ಆತನೂ ತಾನು ಎಣಿಸಿದ ಕೇಡಿನಿಂದ ತಿರುಗಿಕೊಳ್ಳುತ್ತಾನೆ. ಯೋನನ ಮೂರನೆಯ ಅಧ್ಯಾಯದ ಕೊನೆಯಲ್ಲಿ ಇದು ಮೂಲಭಾಷೆಯಲ್ಲಿ ಚೆನ್ನಾಗಿ ಕಾಣುತ್ತದೆ. ಜನರು ಬಿಟ್ಟದ್ದೂ ‘ರಾಆ’, ದೇವರು ಬಿಟ್ಟದ್ದೂ ‘ರಾಆ’, ಅಂದರೆ ಕೇಡು. ಮುಂದಿನ ವಚನದಲ್ಲಿ ಯೋನನಿಗೆ ಹತ್ತಿಕೊಂಡ ಸಂಕಟಕ್ಕೂ ಅದೇ ಪದ. ಊರಿನಿಂದಲೂ ಪರಲೋಕದಿಂದಲೂ ಹೊರಟುಹೋದ ಕೇಡು ಕೊನೆಗೆ ಪ್ರವಾದಿಯ ಮನಸ್ಸಿನಲ್ಲಿ ಮನೆ ಮಾಡಿತು. ಬರೆದವನು ಹಾಸ್ಯಪ್ರಜ್ಞೆ ಉಳ್ಳವನೆಂದೇ ನನ್ನ ಅಭಿಪ್ರಾಯ.

ಉತ್ತರ: ಬೆಳ್ತಂಗಡಿಯವನು

ನಮ್ಮ ಹಿರಿಯರು ಕೇರಳದಿಂದ ಬಂದು ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ರಬ್ಬರ್ ಹಾಕಿದವರು. ನಾವು ಸಿರೋ ಮಲಬಾರ್ ಸಭೆಗೆ ಸೇರಿದವರು. ನಮ್ಮಲ್ಲಿ ಈಸ್ಟರಿನ ದೊಡ್ಡ ಉಪವಾಸ ಆರಂಭವಾಗುವುದಕ್ಕೆ 18 ದಿನ ಮುಂಚೆ, ಸೋಮವಾರದಿಂದ ಬುಧವಾರದವರೆಗೆ, ‘ಮೂನ್ನು ನೋಂಬು’ ಎಂಬ ಮೂರು ದಿನಗಳ ಉಪವಾಸವಿದೆ. ಇದು ನಿನೆವೆಯವರ ಉಪವಾಸದ ನೆನಪು. ಆರನೆಯ ಶತಮಾನದಲ್ಲಿ ಮೆಸಪೊಟೇಮಿಯದಲ್ಲಿ ಮಾರಿರೋಗ ಬಂದಾಗ ಅಲ್ಲಿನ ಕ್ರೈಸ್ತರು ನಿನೆವೆಯವರನ್ನು ನೆನೆದು ಉಪವಾಸ ಮಾಡಿದರು, ರೋಗ ನಿಂತಿತು ಎಂಬುದು ನಮ್ಮ ಸಂಪ್ರದಾಯದ ಮಾತು. ಕಾಪ್ಟಿಕ್ ಸಭೆಯವರೂ ಇಥಿಯೋಪಿಯದವರೂ ಇದನ್ನು ಆಚರಿಸುತ್ತಾರೆ. ಕೇರಳದ ಕುರವಿಲಂಗಾಡಿನ ಚರ್ಚಿನಲ್ಲಿ ಈ ದಿನಗಳಲ್ಲಿ ಮರದ ಹಡಗೊಂದನ್ನು ಹೊತ್ತು, ಅಲೆಗೆ ಸಿಕ್ಕಂತೆ ಅದನ್ನು ತೂಗಾಡಿಸುತ್ತ ಮೆರವಣಿಗೆ ಮಾಡುತ್ತಾರೆ. ನೋಡಲು ಜನ ಕಿಕ್ಕಿರಿದು ಸೇರುತ್ತಾರೆ.

ಗಮನಿಸಿರಿ, ನಾವು ಉಪವಾಸ ಮಾಡುವುದು ಯೋನನ ಹೆಸರಿನಲ್ಲಲ್ಲ, ಶತ್ರುಗಳ ಹೆಸರಿನಲ್ಲಿ. ಶಿಕ್ಷಕಿಯವರು ಕೇಳಿದ ವಾಚನದ ದಿನವೇ ಓದುವ ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಇನ್ನೂ ಮುಂದೆ ಹೋಗುತ್ತಾರೆ: ನ್ಯಾಯತೀರ್ಪಿನ ದಿನ ನಿನೆವೆಯವರು ಎದ್ದು ನಿಂತು ಈ ಪೀಳಿಗೆಯನ್ನು ಅಪರಾಧಿಯೆಂದು ತೋರಿಸುವರು ಎನ್ನುತ್ತಾರೆ. ದಯೆ ಪಡೆದವರು ಅಲ್ಲಿ ಸಾಕ್ಷಿಕಟ್ಟೆಗೆ ಬರುತ್ತಾರೆ.

ಆದರೆ ನಾನು ಬರೆಯಲು ಕುಳಿತದ್ದು ಇದಕ್ಕಲ್ಲ. ಹಳೆಯ ನಿನೆವೆ ಇದ್ದದ್ದು ಇಂದಿನ ಇರಾಕಿನ ಮೊಸುಲ್ ನಗರದಲ್ಲಿ, ಟೈಗ್ರಿಸ್ ನದಿಯ ಪೂರ್ವದ ದಡದಲ್ಲಿ. ಅಲ್ಲಿ ನೆಬಿ ಯೂನುಸ್ ಎಂಬ ದಿಬ್ಬದ ಮೇಲೆ ಯೋನನ ಸಮಾಧಿಯೆಂದು ಮುಸ್ಲಿಮರೂ ಕ್ರೈಸ್ತರೂ ಗೌರವಿಸುತ್ತಿದ್ದ ಸ್ಥಳವಿತ್ತು. 2014ರ ಜುಲೈನಲ್ಲಿ ಐಸಿಸ್ ಉಗ್ರರು ಅದನ್ನು ಸ್ಫೋಟಿಸಿದರು. ನಗರವು ಬಿಡುಗಡೆಯಾದ ಮೇಲೆ ನೋಡಿದರೆ, ಅವರು ಅಡಿಯಲ್ಲಿ ತೋಡಿದ್ದ ಸುರಂಗಗಳಲ್ಲಿ ಅಸ್ಸೀರಿಯದ ಅರಸ ಎಸರ್ಹದ್ದೋನನ ಅರಮನೆಯ ಅವಶೇಷಗಳು ಕಾಣಿಸಿದವು. ಆತನು ಸನ್ಹೇರೀಬನ ಮಗ. ಅದೇ ಜುಲೈನಲ್ಲಿ ಮೊಸುಲಿನ ಕ್ರೈಸ್ತರ ಮನೆಗಳ ಗೋಡೆಗಳ ಮೇಲೆ ಕ್ರೈಸ್ತರೆಂಬ ಅರ್ಥದ ಪದದ ಮೊದಲಕ್ಷರವಾದ ಅರಬ್ಬಿಯ ‘ನೂನ್’ ಅನ್ನು ಬರೆದು, ಮತಾಂತರವಾಗಿರಿ, ತೆರಿಗೆ ಕೊಡಿರಿ, ಇಲ್ಲವೇ ಊರು ಬಿಡಿರಿ ಎಂದು ಗಡುವು ವಿಧಿಸಿದರು. ಆಗಸ್ಟ್‌ನಲ್ಲಿ ಹತ್ತಿರದ ಕ್ರೈಸ್ತರ ಕರಕೋಶ್ ಪಟ್ಟಣವೂ ಬರಿದಾಯಿತು. ನಿನೆವೆಯ ಉಪವಾಸವನ್ನು ಶತಮಾನಗಳಿಂದ ಉಳಿಸಿಕೊಂಡು ಬಂದವರು ಇವರೇ. ಶಿಕ್ಷಕಿಯವರು ಕೇಳಿದ ಪ್ರಶ್ನೆಯನ್ನು ನಿನೆವೆಯವರೇ ಕೇಳಬೇಕಾದ ಕಾಲ ಬಂತು. 2021ರ ಮಾರ್ಚ್‌ನಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಮೊಸುಲಿನ ಪಾಳುಬಿದ್ದ ಚರ್ಚುಗಳ ನಡುವೆ ಪ್ರಾರ್ಥಿಸಿದ್ದನ್ನು ಟೀವಿಯಲ್ಲಿ ನೋಡಿದೆ. ಹಿಂದಿರುಗಿದವರು ಈಗಲೂ ಆ ಮೂರು ದಿನ ಉಪವಾಸ ಮಾಡುತ್ತಾರೆ. ನನ್ನ ಬಳಿ ವಿವರಣೆಯಿಲ್ಲ, ಇದನ್ನು ಹೇಳಬೇಕೆನ್ನಿಸಿತು.

ಪ್ರತಿಕ್ರಿಯೆ: ಹಾಸನದ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಯಾರೊಬ್ಬಾಮನ ವಿಷಯವನ್ನು ನಾನು ಗಮನಿಸಿರಲಿಲ್ಲ. ಯೋನನ ಜೊತೆಗೆ ನನಗೂ ಒಂದು ಗುದ್ದು ಬಿದ್ದಂತಾಯಿತು.

ಆದರೂ ಸಭಾಪಾಲಕರು ನನ್ನ ಪ್ರಶ್ನೆಯ ಬದಿಯಿಂದ ಹಾದುಹೋದರು ಎಂದು ವಿನಯದಿಂದಲೇ ಹೇಳಬೇಕಾಗಿದೆ. ಸಮಾರ್ಯವೂ ತಪ್ಪಿತಸ್ಥ ಪಟ್ಟಣವೇ ಎಂದಿರಿ, ಒಪ್ಪಿದೆ. ನಿನೆವೆಯೂ ಕೊನೆಗೆ ಬಿದ್ದಿತು ಎಂದಿರಿ, ಅದನ್ನೂ ಒಪ್ಪಿದೆ. ಆದರೆ ಆ ಎತ್ತಿನ ಬಂಡಿಯಲ್ಲಿ ಕುಳಿತ ಹೆಂಗಸು ಬಡವನನ್ನು ಕೆರಕ್ಕೆ ಮಾರಿದವಳೇನೂ ಅಲ್ಲ. 612ರಲ್ಲಿ ನಿನೆವೆ ಸುಟ್ಟುಹೋಗುವ ಹೊತ್ತಿಗೆ ಅವಳು ಸತ್ತು ಎಷ್ಟೋ ಕಾಲವಾಗಿತ್ತು. ತಡವಾದ ನ್ಯಾಯ ಅವಳಿಗೆ ತಲುಪಲೇ ಇಲ್ಲ. ‘ಕರ್ತನು ತಡಮಾಡುವವನಲ್ಲ, ಯಾರೂ ನಾಶವಾಗಬಾರದೆಂದು ತಾಳಿಕೊಂಡಿದ್ದಾನೆ’ ಎಂಬ ಅರ್ಥದ ಪೇತ್ರನ ಎರಡನೆಯ ಪತ್ರದ ಮಾತು ಪಾಪಿಗೆ ಶುಭಸಂದೇಶ. ಪಾಪಿಯ ಕಾಲಡಿಯಲ್ಲಿ ಇರುವವಳಿಗೆ ಅದು ಏನು?

ಉತ್ತರ: ಧಾರವಾಡದ ನಿವೃತ್ತ ಸಭಾಪಾಲಕ

ನೀವು ಹೇಳಿದ್ದು ಸರಿ. ಬದಿಯಿಂದ ಹಾದುಹೋದದ್ದು ನಿಜ. ಪ್ರಸಂಗ ಮಾಡಿ ರೂಢಿಯಾದವರಿಗೆ ಈ ಚಟವಿರುತ್ತದೆ. ನೇರವಾಗಿ ಪ್ರಯತ್ನಿಸುತ್ತೇನೆ.

ನಿಮ್ಮ ಆಕ್ಷೇಪವನ್ನು ಸತ್ಯವೇದವು ಮುಚ್ಚಿಡುವುದಿಲ್ಲ, ಅದರ ಮೊದಲ ಪುಸ್ತಕದಲ್ಲಿಯೇ ಬರೆದಿಟ್ಟಿದೆ. ಆದಿಕಾಂಡ 15ರಲ್ಲಿ ದೇವರು ಅಬ್ರಹಾಮನಿಗೆ ಕಾನಾನ್ ದೇಶವನ್ನು ಕೊಡುವ ಮಾತು ಕೊಡುತ್ತಾನೆ, ಆದರೆ ಈಗಲೇ ಅಲ್ಲ. ನಿನ್ನ ಸಂತತಿಯವರು ಅನ್ಯದೇಶದಲ್ಲಿ 400 ವರ್ಷ ದಾಸರಾಗಿ ಬಾಧೆಪಡುವರು, ನಾಲ್ಕನೆಯ ತಲೆಮಾರಿನವರು ಇಲ್ಲಿಗೆ ತಿರುಗಿ ಬರುವರು, ಏಕೆಂದರೆ ಆ ದೇಶದಲ್ಲಿರುವ ಅಮೋರಿಯರ ಅಪರಾಧವು ಇನ್ನೂ ಪೂರ್ತಿಯಾಗಿಲ್ಲ ಎಂಬುದು ಅಲ್ಲಿನ ಮಾತು. ನಿಮ್ಮ ತಾಯಿಯವರ ಪಾಪದ ಕೊಡ ಇದೇ. ಅಮೋರಿಯರ ಕೊಡ ತುಂಬುವವರೆಗೆ ಇಸ್ರಯೇಲರು ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಇಟ್ಟಿಗೆ ಮಾಡಬೇಕು. ಒಬ್ಬರಿಗೆ ತೋರುವ ತಾಳ್ಮೆಯ ಭಾರವನ್ನು ಇನ್ನೊಬ್ಬರು, ಅದರಲ್ಲೂ ದೇವರು ತನ್ನವರೆಂದು ಆರಿಸಿಕೊಂಡವರೇ ಹೊರುತ್ತಾರೆಂದು ಇಷ್ಟು ಬಿಚ್ಚಿ ಹೇಳಿದ ಧರ್ಮಗ್ರಂಥದ ಮುಂದೆ, ‘ಯಾರಿಗೂ ನಷ್ಟವಿಲ್ಲ’ ಎಂಬ ಸಮಾಧಾನ ಹೇಳುವ ಹಕ್ಕು ನನ್ನಂಥ ಬೋಧಕರಿಗಿಲ್ಲ.

ಪೌಲನೂ ಈ ಕಷ್ಟವನ್ನು ಬಲ್ಲವನು. ರೋಮಾಪುರದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ದೇವರ ತಾಳ್ಮೆಯು ಪಶ್ಚಾತ್ತಾಪಕ್ಕೆ ನಡೆಸುವಂಥದ್ದೆಂದು ಹೇಳಿ, ಅದನ್ನು ಅಸಡ್ಡೆ ಮಾಡಿದವನು ಕೋಪದ ದಿನಕ್ಕಾಗಿ ಕೋಪವನ್ನೇ ಕೂಡಿಡುತ್ತಿದ್ದಾನೆಂದು ಎಚ್ಚರಿಸುತ್ತಾನೆ. ಮೂರನೆಯ ಅಧ್ಯಾಯದ 25ನೆಯ ವಚನ ಇನ್ನೂ ಸೂಕ್ಷ್ಮವಾದದ್ದು. ಹಿಂದಿನ ಪಾಪಗಳನ್ನು ದೇವರು ಸಹನೆಯಿಂದ ದಂಡಿಸದೆ ಬಿಟ್ಟದ್ದರಿಂದ ಆತನ ನೀತಿಯೇ ಸಂಶಯಕ್ಕೆ ಒಳಗಾಗಿತ್ತು, ಅದನ್ನು ತೋರಿಸಿಕೊಡುವುದಕ್ಕಾಗಿ ಯೇಸುವಿನ ರಕ್ತ ಬೇಕಾಯಿತು ಎಂಬ ತರ್ಕ ಅಲ್ಲಿದೆ. ತಾಳ್ಮೆಯಿಂದ ನ್ಯಾಯಕ್ಕೆ ಸಾಲ ಬೀಳುತ್ತದೆ ಎಂಬ ನಿಮ್ಮ ಮಾತನ್ನು ಅಪೊಸ್ತಲನು ತಳ್ಳಿಹಾಕಲಿಲ್ಲ. ಆ ಸಾಲವನ್ನು ಶಿಲುಬೆಯಲ್ಲಿ ದೇವರೇ ತೀರಿಸಿದನೆಂದನು. ಶೂಲಕ್ಕೇರಿಸುವ ಅಸ್ಸೀರಿಯದವರ ಕ್ರೌರ್ಯದ ಸಾಲಿನಲ್ಲಿಯೇ ರೋಮಿನವರ ಶಿಲುಬೆಯೂ ನಿಲ್ಲುತ್ತದೆ. ಲಾಕೀಷಿನ ಆ ಕಲ್ಲಿನ ಚಿತ್ರದಲ್ಲಿ ಕ್ರಿಸ್ತನನ್ನು ಹುಡುಕಬೇಕಾದರೆ ನಾನು ಬಿಲ್ಲುಗಾರರ ನಡುವೆ ಹುಡುಕುವುದಿಲ್ಲ.

ಬಂಡಿಯಲ್ಲಿ ಹೋದ ಆ ಹೆಂಗಸಿಗೆ ಇದು ಸಾಕೇ? ಸಾಲದು. ಆದ್ದರಿಂದಲೇ ಕ್ರೈಸ್ತ ನಂಬಿಕೆಯಲ್ಲಿ ಅಂತಿಮ ನ್ಯಾಯತೀರ್ಪು ಎಂಬುದೊಂದು ಇದೆ, ಮತ್ತು ಅದನ್ನು ಹೆದರಿಸುವ ಬೋಧನೆಯಾಗಿ ಮಾತ್ರ ಬಳಸಿ ನಾವು ಕೆಡಿಸಿದ್ದೇವೆ. ಪ್ರಕಟನೆಯ ಆರನೆಯ ಅಧ್ಯಾಯದಲ್ಲಿ ಕೊಲ್ಲಲ್ಪಟ್ಟವರ ಆತ್ಮಗಳು ಯಜ್ಞವೇದಿಯ ಕೆಳಗಿನಿಂದ, ಒಡೆಯನೇ, ನೀನು ನ್ಯಾಯತೀರಿಸಲು ಇನ್ನೆಷ್ಟು ಕಾಲ ಎಂದು ಕೂಗುತ್ತವೆ. ಪರಲೋಕದಲ್ಲಿಯೂ ಆ ಕೂಗು ನಿಂತಿಲ್ಲ. ಅವರನ್ನು ಯಾರೂ ಗದರಿಸುವುದಿಲ್ಲ. ಬಿಳಿಯ ನಿಲುವಂಗಿಯನ್ನು ಕೊಟ್ಟು, ಇನ್ನೂ ಸ್ವಲ್ಪ ಕಾಲ ವಿಶ್ರಮಿಸಿಕೊಳ್ಳಿರಿ ಎನ್ನುತ್ತಾರೆ. ಸತ್ತವರಿಗೂ ನ್ಯಾಯ ತಲುಪಬೇಕಾದರೆ ಸತ್ತವರು ಏಳಲೇಬೇಕು. ಬೇರೆ ದಾರಿ ನನಗೆ ಕಾಣದು.

ಉತ್ತರ: ಅಡಿಕೆ ತೋಟದವ

ದೊಡ್ಡವರ ನಡುವೆ ಸಣ್ಣ ಮಾತು. ಲೂಕ 13ರಲ್ಲಿ ಹಣ್ಣು ಬಿಡದ ಅಂಜೂರದ ಮರದ ಸಾಮ್ಯವಿದೆ. ಮೂರು ವರ್ಷ ನೋಡಿದ ಧಣಿ ಕಡಿದುಹಾಕು ಎನ್ನುತ್ತಾನೆ. ತೋಟಗಾರನು ಈ ಒಂದು ವರ್ಷ ಬಿಡಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ, ಆಮೇಲೂ ಬಿಡದಿದ್ದರೆ ಕಡಿಯುವಿರಂತೆ ಎನ್ನುತ್ತಾನೆ. ಬಂಜೆಮರಕ್ಕೆ ಬುಡ ಬಿಡಿಸಿ ಗೊಬ್ಬರ ಕೊಡುವುದೆಂದರೆ ಏನೆಂದು ಕೈ ಮಣ್ಣಾದವರಿಗೆ ಗೊತ್ತು. ಆಳು, ಗೊಬ್ಬರ, ಬೇಸಿಗೆಯ ನೀರು, ಎಲ್ಲವನ್ನೂ ಫಲ ಕೊಡುವ ಮರದ ಪಾಲಿನಿಂದಲೇ ತೆಗೆಯಬೇಕು. ಆದ್ದರಿಂದ ಕಾಯುವುದೆಂದರೆ ಕೈಕಟ್ಟಿ ಕೂರುವುದು ಎಂದು ನಾನು ಓದುವುದಿಲ್ಲ. ಮುಂದಿನ ವರ್ಷ ಆ ಮರ ಹಣ್ಣು ಬಿಟ್ಟಿತೇ ಎಂಬುದನ್ನು ಸ್ವಾಮಿಯವರು ಹೇಳದೆಯೇ ಕಥೆ ಮುಗಿಸಿದ್ದಾರೆ.

ಇನ್ನೊಂದು ಮತ್ತಾಯ 13ರದು. ಗೋದಿಯ ನಡುವೆ ವೈರಿಯು ಹಣಜಿ ಎಂಬ ಕಳೆಯನ್ನು ಬಿತ್ತಿಹೋದಾಗ, ಆಳುಗಳು ಕೀಳಲು ಹೊರಟರು, ಯಜಮಾನನು ಬೇಡವೆಂದನು. ಕಳೆಯ ಮೇಲಿನ ಮರುಕದಿಂದಲ್ಲ. ಕೀಳುವಾಗ ಗೋದಿಯೂ ಬೇರುಸಹಿತ ಬಂದೀತು ಎಂಬ ಭಯದಿಂದ. ಅಬ್ರಹಾಮನು ಸೊದೋಮ್ ಪಟ್ಟಣಕ್ಕಾಗಿ ದೇವರೊಡನೆ ಚೌಕಾಸಿ ಮಾಡಿ, ಅದು ಉಳಿಯಲು ಬೇಕಾದ ನೀತಿವಂತರ ಸಂಖ್ಯೆಯನ್ನು 50ರಿಂದ 10ಕ್ಕೆ ಇಳಿಸಿದ್ದೂ ಇದೇ ಕಾರಣಕ್ಕೆ. ಯೋನನಿಗೆ ದೇವರು ಕೊಟ್ಟ ಲೆಕ್ಕವನ್ನು ನೋಡಿರಿ: ಬಲಗೈ ಎಡಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಮಂದಿ, ಬಹಳ ದನಕರುಗಳು. ಅರಸನನ್ನು ಆತನು ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ. ಒಂದು ಪಟ್ಟಣಕ್ಕೆ ಬೆಂಕಿ ಬಿದ್ದರೆ ತಪ್ಪಿತಸ್ಥರ ಮನೆಗಳನ್ನು ಮಾತ್ರ ಆರಿಸಿ ಸುಡುವುದಿಲ್ಲವಲ್ಲ. ಶಿಕ್ಷಕಿಯವರು ಹೇಳಿದ ಬಂಡಿಯಲ್ಲಿ ಕುಳಿತ ಹೆಂಗಸಿನಂಥವರು ನಿನೆವೆಯ ಒಳಗೂ ಇದ್ದರು.

ಪ್ರತಿಕ್ರಿಯೆ: ಹಾಸನದ ಶಿಕ್ಷಕಿ

ಎರಡು ದಿನ ತಡವಾಗಿ ಬರೆಯುತ್ತಿದ್ದೇನೆ. ಪ್ರಶ್ನೆ ಪೂರ್ತಿ ಬಗೆಹರಿಯಿತೆಂದು ಸುಳ್ಳು ಹೇಳಲಾರೆ; ಅಮೋರಿಯರ ವಚನವಂತೂ ಹೊಸ ಮುಳ್ಳೊಂದನ್ನು ಕೊಟ್ಟಿತು. ಮುಂದಿನ ಬುಧವಾರ ನಮ್ಮ ಧರ್ಮಕೇಂದ್ರದ ಬೈಬಲ್ ಕೂಟದಲ್ಲಿ ಯೋನನ ನಾಲ್ಕನೆಯ ಅಧ್ಯಾಯವನ್ನೂ ನಹೂಮನ ಮೊದಲನೆಯದನ್ನೂ ಒಟ್ಟಿಗೆ ಓದಿಸಬೇಕೆಂದು ಗುರುಗಳನ್ನು ಕೇಳಿದ್ದೇನೆ, ಒಪ್ಪಿದ್ದಾರೆ.

ಇಲ್ಲಿ ಬಂದ ಉತ್ತರಗಳನ್ನು ನನ್ನ ತಾಯಿಯವರಿಗೆ ಓದಿ ಹೇಳಿದೆ. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ. ರೋಮಾಪುರದವರ ಪತ್ರದ ಭಾಗಕ್ಕೆ ಏನೂ ಹೇಳಲಿಲ್ಲ. ಕೊನೆಯ ಉತ್ತರ ಮುಗಿದ ಮೇಲೆ, ‘ದನಗಳಿಗೂ ಗೋಣಿತಟ್ಟು ಹೊದಿಸಿದ್ದರೇ?’ ಎಂದು ಕೇಳಿದರು. ಹೌದು, ಮೂರನೆಯ ಅಧ್ಯಾಯದ ಎಂಟನೆಯ ವಚನದಲ್ಲಿದೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ಆ ಬಂಧುವಿನ ಮನೆಯಲ್ಲಿ ಈಗ ಹಸು ಕಟ್ಟುತ್ತಾರೋ ಇಲ್ಲವೋ ಎಂದು ಕೇಳಿದರು. ತಂದೆಯವರು ತೀರಿಕೊಂಡ ಮೇಲೆ ಆ ಮನೆಯ ಸುದ್ದಿಯನ್ನು ಅವರಾಗಿಯೇ ಎತ್ತಿದ್ದು ಇದೇ ಮೊದಲು. ನನಗೆ ಗೊತ್ತಿರಲಿಲ್ಲ, ವಿಚಾರಿಸಿ ಹೇಳುತ್ತೇನೆ ಎಂದೆ.